ಹಿಂದಿನ ಗುರುಗಳ ಅಪ್ಪಣೆ

ಜೂನ್ ತಿಂಗಳ ಎರಡನೆಯ ಗುರುವಾರ ಸಂಜೆ ಐದೂಮುಕ್ಕಾಲಿಗೆ, ರಾಮಕೃಷ್ಣನಗರದ ಒಂದು ನೃತ್ಯಶಾಲೆಯಲ್ಲಿ, ಎಂಟು ವರ್ಷದ ಗಗನಳ ಬಾಯಿಗೆ ಅವಳ ಟೀಚರು ಚೂಡಾಮಣಿಯವರು ಅಗಲವಾದ ಪ್ಲಾಸ್ಟಿಕ್ ಟೇಪು ಅಂಟಿಸಿದರು. ಕೈಮುದ್ರೆಗಳ ಹೆಸರು ಹೇಳುವಾಗ 'ಹಂಸಾಸ್ಯ' ಎನ್ನುವಲ್ಲಿ ಅವಳು ಮೂರು ಸಲ 'ಅಂಸಾಸ್ಯ' ಎಂದಿದ್ದಳು. ಆಮೇಲೆ ಅವಳನ್ನು ಗೋಡೆಗೆ ಮುಖ ಮಾಡಿಸಿ, ಮಂಡಿ ಬಾಗಿಸಿ, ಅರಮಂಡಿಯಲ್ಲಿ ನಿಲ್ಲಿಸಿದರು. ಆರೂವರೆಗೆ ಕ್ಲಾಸು ಬಿಡುವ ಮೊದಲು ಟೇಪು ಕಿತ್ತರು. ಕೋಣೆಯಲ್ಲಿ ಇನ್ನೂ ಹದಿನೇಳು ಮಕ್ಕಳಿದ್ದರು. ಮುಚ್ಚಿದ ಬಾಗಿಲಿನ ಈಚೆ, ಬೆಂಚಿನ ಮೇಲೆ, ಗಗನಳ ತಾಯಿ ಕುಸುಮ ಕೂತಿದ್ದಳು.

ಒಳಗಿನಿಂದ ತಟ್ಟುಕೋಲಿನ ಸದ್ದು ಬರುತ್ತಿತ್ತು. ಆ ತಾಳಕ್ಕೆ ಕುಸುಮ ಚಪ್ಪಲಿಯ ತುದಿಯನ್ನು ನೆಲಕ್ಕೆ ಬಡಿಯುತ್ತಿದ್ದಳು. ಇದನ್ನು ಆಮೇಲೆ ನೆನೆಸಿಕೊಂಡಾಗಲೆಲ್ಲ ಅವಳಿಗೆ ಆ ಕಾಲನ್ನೇ ಕಡಿದುಹಾಕಬೇಕು ಅನ್ನಿಸುತ್ತಿತ್ತು.

ಮಗುವಿನ ಬಾಯಿ ಸುತ್ತ ಕೆಂಪು ಪಟ್ಟಿ ಎದ್ದಿದ್ದನ್ನು ಮನೆಯಲ್ಲಿ ಮೊದಲು ಕಂಡವಳು ಅಜ್ಜಿ ಸರೋಜಮ್ಮ. "ಅಲಸಿನಣ್ಣು ತಿಂದದೆ ಕಣ್ ಕುಸ್ಮಾ. ಸೊನೆ ಅಂಟ್ಕಂಡದೆ" ಎಂದು ಕೊಬ್ಬರಿ ಎಣ್ಣೆ ಸವರಿದಳು. ಕುಂಬಾರಕೊಪ್ಪಲಿನ ಆ ಮನೆಯಲ್ಲಿ ಹಿಂದಿನ ದಿನವಷ್ಟೇ ಹಲಸು ಕುಯ್ದಿದ್ದರು. ಕುಸುಮ ನಂಬಿದಳು.

ಭಯ ಶುರುವಾದದ್ದು ಶನಿವಾರ. ಹಾಲು ಬೇಕೇ ಎಂದು ಕೇಳಿದರೆ ಗಗನ "ಬಿಳೀದು ಬೇಕು" ಎಂದಳು. ಆಟವೆಂದುಕೊಂಡು ಕುಸುಮ ನಕ್ಕಳು. ಮುಡಿಗೆ ಏನಿಡಲಿ ಎಂದರೆ "ಮಲ್ಲಿಗೆ" ಎಂದಳೇ ಹೊರತು ಹೂ ಎನ್ನಲಿಲ್ಲ. ಹಸಿವಾಯಿತೇ ಎಂದರೆ ತಟ್ಟೆಯನ್ನು ತೋರಿಸಿದಳು. ಭಾನುವಾರ ಮೆಟ್ಟಿಲ ಮೇಲೆ ಕೂತು ಹುಣಸೆಬೀಜ ಎಣಿಸುತ್ತಿದ್ದಳು. ಏಳು, ಎಂಟು, ಒಂಬತ್ತು. ಅಲ್ಲಿಗೆ ನಿಂತಳು. ಮತ್ತೆ ಒಂದರಿಂದ ಶುರು ಮಾಡಿದಳು. ಮತ್ತೆ ಒಂಬತ್ತಕ್ಕೆ ನಿಂತಳು.

"ಮುಂದಕ್ಕೆ?" ಎಂದಳು ಕುಸುಮ.

ಗಗನ ತುಟಿಗಳನ್ನು ಒಳಕ್ಕೆ ಎಳೆದುಕೊಂಡಳು.

"ಅತ್ತು ಕಣೇ ಮೂದೇವಿ, ಅತ್ತು! ಅತ್ತು, ಅನ್ನೊಂದು, ಅನ್ನೆಲ್ಡು..." ಸರೋಜಮ್ಮ ಸೊಪ್ಪು ಬಿಡಿಸುತ್ತಲೇ ಕೂಗಿದಳು.

ಮಗು ಅಜ್ಜಿಯನ್ನು ದಿಟ್ಟಿಸಿ ನೋಡಿತು. ಆಮೇಲೆ ಬೀದಿಬಾಗಿಲಿನ ಕಡೆ ನೋಡಿತು. ಎದ್ದು ಹೋಗಿ ಬಾಗಿಲಿನ ಚಿಲಕ ಹಾಕಿ ಬಂದು, ಕುಸುಮಳ ಕಿವಿಯಲ್ಲಿ ಹೇಳಿತು: "ಅಜ್ಜಿಗೂ ಅಂಟಿಸ್ತಾರೆ."

"ಏನ್ನೇ?"

"ಟೇಪ್ನ."

ಆ ಬೀದಿಯಲ್ಲಿ ಹಾಲು ಹಾಕುವವನು ಆಲು ಎನ್ನುತ್ತಾನೆ. ಹೂ ಮಾರುವ ಬೋರಮ್ಮ ಊವಾ ಎಂದು ಕೂಗುತ್ತಾಳೆ. ಕುಸುಮ ಸಿಟಿ ಬಸ್ಸಿನ ಕಂಡಕ್ಟರು. ದಿನಕ್ಕೆ ನೂರು ಸಲ "ಅತ್ತಿ ಅತ್ತಿ, ಒಳಕ್ಕೆ ನಡೀರಿ" ಅನ್ನುತ್ತಾಳೆ, ಜನ ಹತ್ತುತ್ತಾರೆ, ಒಳಕ್ಕೆ ನಡೆಯುತ್ತಾರೆ. 'ಹ' ಅಕ್ಷರ ಇಲ್ಲದ್ದರಿಂದ ಇವತ್ತಿನವರೆಗೆ ಯಾರ ಬಸ್ಸೂ ತಪ್ಪಿಲ್ಲ, ಯಾರ ಮನೆಯ ಹಾಲೂ ಒಡೆದಿಲ್ಲ.

ಗುರುವಾರದ ಆ ಕೆಂಪು ಪಟ್ಟಿ ಹಲಸಿನ ಸೊನೆಯದಲ್ಲ ಎಂದು ಹೊಳೆದದ್ದೇ ಅವಳು ಚೂಡಾಮಣಿಯವರಿಗೆ ಫೋನು ಮಾಡಿದಳು. ಇಲ್ಲವೆನ್ನುತ್ತಾರೆ, ಮಗುವಿನ ಸುಳ್ಳು ಎನ್ನುತ್ತಾರೆ ಎಂದುಕೊಂಡಿದ್ದಳು. ಅವರು ಹಾಗೆನ್ನಲಿಲ್ಲ.

"ನೋಡಿಮ್ಮ, ನಿಮಗೆ ಇದು ದೊಡ್ಡದಾಗಿ ಕಾಣಿಸ್ತಿದೆ. ನಾಲಿಗೆ ಶುದ್ಧವಾಗದೆ ನಾಟ್ಯ ಶುದ್ಧವಾಗಲ್ಲ. ನಮ್ಮ ಗುರುಗಳು ನನಗೆ ಕೋಲಲ್ಲೇ ಬಾರಿಸಿದ್ರು. ನಾನು ಹೊಡೀಲಿಲ್ಲ, ಅಲ್ವಾ?"

"ಮಗೂಗೆ ಉಸಿರು ಕಟ್ಟಿದ್ರೆ ಏನ್ ಗತಿ ಮೇಡಂ?"

"ಮೂಗು ಇತ್ತಲ್ಲಮ್ಮ" ಎಂದರು ಚೂಡಾಮಣಿ. ಸಮಾಧಾನವಾಗಿಯೇ ಹೇಳಿದರು.

ಆ ಸಮಾಧಾನ ಕುಸುಮಳಿಗೆ ಬೈಗುಳಕ್ಕಿಂತ ಹೆಚ್ಚು ಹೆದರಿಕೆ ತಂದಿತು. ಸಿಟ್ಟಾದವರಿಗೆ ತಾವು ಮಾಡಿದ್ದೇನೆಂದು ಒಂದು ಗಳಿಗೆಯಾದರೂ ಗೊತ್ತಾಗುತ್ತದೆ. ಇವರ ದನಿಯಲ್ಲಿ ಅಂಥ ಗಳಿಗೆ ಬರುವಂತಿರಲಿಲ್ಲ. ನಾಳೆಯೂ ಮಾಡುತ್ತಾರೆ, ಇದೇ ದನಿಯಲ್ಲಿ ಮಾಡುತ್ತಾರೆ.

ಅರ್ಧ ಗಂಟೆಯಲ್ಲಿ ಕ್ಲಾಸಿನ ವಾಟ್ಸಾಪ್ ಗುಂಪಿನಿಂದ ಅವಳನ್ನು ತೆಗೆದುಹಾಕಿದರು. ಅದೇ ಕ್ಲಾಸಿನ ಇನ್ನೊಂದು ಮಗುವಿನ ತಾಯಿ ರಂಜನಿ ಬೇರೆಯಾಗಿ ಒಂದು ಮೆಸೇಜು ಕಳಿಸಿದಳು: "ನಮ್ಮ ಮಗಳೂ ಹೇಳಿದ್ಲು ಕುಸುಮ. ಹೇಳ್ತಾ ತುಂಬಾ ಅತ್ಲು. ದಯವಿಟ್ಟು ನನ್ನ ಹೆಸರು ಎಲ್ಲೂ ತರಬೇಡಿ." ಕುಸುಮ ಎರಡನೆಯ ಸಲ ಓದುವಷ್ಟರಲ್ಲಿ ಆ ಮೆಸೇಜು ಅಳಿಸಿಹೋಗಿತ್ತು.

"ಸ್ಟೇಷನ್‌ಗೆ ಓಗನಾ?" ಎಂದು ಗಂಡನನ್ನು ಕೇಳಿದಳು. ಕುಮಾರ್ ಆಟೋ ಓಡಿಸುತ್ತಿದ್ದ. ಮಾತು ಕಡಿಮೆ.

"ಓಗವ. ಓಗಿ? ಮಗೂನ ಕುಂಡ್ರುಸ್ಕಂಡು ಏನಾಯ್ತು ಯೋಳವ್ವ ಅಂತಾರೆ. ಇವಳು ಬಾಯ್ ಬುಟ್ಟಾಳಾ?"

"ಬುಡಿ ಅತ್ಲಾಗೆ" ಎಂದಳು ಸರೋಜಮ್ಮ. "ನಮ್ ತಾತ ಮುತ್ತಾತ ಯಾರ್ ಡ್ಯಾನ್ಸ್ ಮಾಡಿದ್ರು? ಕಾಲಲ್ಲಿ ಮಣ್ ತುಳ್ದೋರು ನಾವು. ಈ ಮೊಗ ಕುಣೀದಿದ್ರೆ ಏನ್ ಮಳೆ ಬರದಿಲ್ವಾ?"

ಬಿಡಬಹುದಿತ್ತು. ಆದರೆ ಮಂಗಳವಾರ ಒಣಗಿದ ಬಟ್ಟೆ ತರಲು ತಾರಸಿಗೆ ಹೋದ ಕುಸುಮ, ನೀರಿನ ಟ್ಯಾಂಕಿನ ಹಿಂದೆ ಗಗನಳನ್ನು ಕಂಡಳು. ಮಗು ಕುಣಿಯುತ್ತಿತ್ತು. ಹೆಜ್ಜೆಯ ಸದ್ದು ಕೆಳಗೆ ಕೇಳಬಾರದೆಂದು ಗೋಣಿಚೀಲ ಹಾಸಿಕೊಂಡಿತ್ತು. ಬೆವರು ಇಳಿಯುತ್ತಿತ್ತು, ಕಣ್ಣು ಹೊಳೆಯುತ್ತಿತ್ತು, ಬಾಯಿ ಮಾತ್ರ ಬಿಗಿಯಾಗಿ ಮುಚ್ಚಿತ್ತು. ಕುಸುಮ ಬಟ್ಟೆ ಅಲ್ಲೇ ಬಿಟ್ಟು ಇಳಿದು ಬಂದಳು. ಈ ಕುಣಿತ ನಿಂತರೆ ಮಗುವಿನಲ್ಲಿ ಏನು ಉಳಿಯುತ್ತದೆ ಎಂದು ಯೋಚಿಸಿದಳು. ಬೇರೆ ಕ್ಲಾಸು ಹುಡುಕಬೇಕು. ಆದರೆ ಎಲ್ಲ ಕ್ಲಾಸಿಗೂ ಒಂದು ಬಾಗಿಲಿರುತ್ತದೆ, ಅದರ ಈಚೆ ಒಂದು ಬೆಂಚಿರುತ್ತದೆ.

ಅವಳ ಬಸ್ಸಿನ ಡ್ರೈವರು ಚನ್ನಬಸವಯ್ಯ ನಿವೃತ್ತಿಗೆ ಹತ್ತಿರವಾಗಿದ್ದವನು, ಮಾತಿನ ಮಲ್ಲ. "ಕ್ಲಾಸ್ ನೋಡದು ಬಸ್ ನೋಡ್ದಂಗೆ ಕಣಮ್ಮ" ಎಂದ, ಟೀ ಕುಡಿಯುತ್ತಾ. "ಬೋರ್ಡ್ ನೋಡ್ಬೇಡ, ಬಣ್ಣ ನೋಡ್ಬೇಡ. ಬ್ರೇಕ್ ನೋಡು. ತಪ್ಪಾದಾಗ ನಿಲ್ಲುಸ್ತಾರಾ ಇಲ್ವಾ, ಅದ ನೋಡು."

"ಒಳಗ್ ಬುಟ್ರೆ ತಾನೆ ಅಣ್ಣ ನೋಡದು?"

ಚನ್ನಬಸವಯ್ಯ ಲೋಟ ಕೆಳಗಿಟ್ಟ.

ಕುವೆಂಪುನಗರದ ಒಂದು ಸ್ಟುಡಿಯೋಗೆ ಮೊದಲು ಹೋದಳು. ಸಿನಿಮಾ ಹಾಡಿನ ಡ್ಯಾನ್ಸು, ಗಾಜಿನ ಬಾಗಿಲು, ಗಾಜಿಗೆ ಕಪ್ಪು ಹಾಳೆ. ಒಳಗೆ ಹಾಡಿನ ಅಬ್ಬರ ಎಷ್ಟಿತ್ತೆಂದರೆ ಮಗು ಚೀರಿದರೂ ಅದು ಹಾಡಿನ ಭಾಗವಾಗಿಬಿಡುತ್ತಿತ್ತು. "ಸಿಸಿಟಿವಿ ಇದೆ ಮೇಡಂ, ಫುಲ್ ಸೇಫ್ಟಿ" ಎಂದಳು ಕೌಂಟರಿನ ಹುಡುಗಿ. "ಅದ ಯಾರ್ ನೋಡ್ತಾರೆ?" ಎಂದು ಕುಸುಮ ಕೇಳಿದಳು. "ನಾವೇ ಮೇಡಂ" ಎಂದಳು ಅವಳು. ಕುಸುಮ ಗಗನಳ ಕೈ ಹಿಡಿದು ಮೆಟ್ಟಿಲಿಳಿದಳು.

ಎರಡನೆಯದು ದಟ್ಟಗಳ್ಳಿಯಲ್ಲಿ, ಒಂದು ಮನೆಯ ಮೊದಲನೇ ಮಹಡಿ. ಭರತನಾಟ್ಯ. ಬಾಗಿಲು ತೆರೆದೇ ಇತ್ತು. ಹೊಸಿಲಲ್ಲೇ ಮೂರು ನಾಲ್ಕು ತಾಯಂದಿರು ಕೂತು ಒಳಗೆ ನೋಡುತ್ತಿದ್ದರು. ಟೀಚರು ಅನನ್ಯ ಮೂವತ್ತರ ಆಸುಪಾಸಿನ ಹೆಂಗಸು. ಒಂದು ಮಗು ತಪ್ಪು ಹೆಜ್ಜೆ ಹಾಕಿದಾಗ ನಕ್ಕು, ತಾನೂ ಬೇಕೆಂದೇ ತಪ್ಪು ಹೆಜ್ಜೆ ಹಾಕಿ ತೋರಿಸಿದಳು. ಕುಸುಮಳ ಎದೆಯ ಒಂದು ಗಂಟು ಸಡಿಲವಾಯಿತು.

ಬರುವ ದಾರಿಯುದ್ದಕ್ಕೂ ಅವಳು ಮನಸ್ಸಿನಲ್ಲೇ ಮಾತು ಜೋಡಿಸಿಕೊಂಡಿದ್ದಳು. ಎಲ್ಲೂ 'ಹ' ಬಿಡಬಾರದು. ನನ್ನ ನಾಲಿಗೆ ಕೇಳಿ ಮಗುವಿನ ನಾಲಿಗೆಯನ್ನು ಅಳೆಯುತ್ತಾರೆ. ಹಾಗಾಗಿ ಬಾಯಿ ತೆರೆದಾಗ ಅವಳು ಒಂದೂ ತಪ್ಪದಂತೆ ಎಲ್ಲ ಕಡೆಯೂ ಹಾಕಿದಳು.

"ನಮಸ್ಕಾರ ಹನನ್ಯ ಮೇಡಂ. ನಾವು ಕುಂಬಾರಕೊಪ್ಪಲಿಂದ ಬಂದ್ವಿ. ನಮ್ ಯಜಮಾನ್ರು ಹಾಟೋ ಹೋಡಿಸ್ತಾರೆ."

ಹೊಸಿಲಲ್ಲಿ ಕೂತಿದ್ದ ಒಬ್ಬಳು ಕಿಸಕ್ಕನೆ ನಕ್ಕು ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ಅನನ್ಯ ನಗಲಿಲ್ಲ. ಗಗನ ಮಾತ್ರ ಬೆಚ್ಚಿಬಿದ್ದು, ತುದಿಗಾಲಲ್ಲಿ ನಿಂತು, ತನ್ನ ಅಂಗೈಯನ್ನು ಅಮ್ಮನ ತುಟಿಯ ಮೇಲೆ ಒತ್ತಿ ಹಿಡಿದಳು. ಕೈ ತಣ್ಣಗಿತ್ತು. ಬೇರೆ ಯಾರೋ ಮುಚ್ಚುವ ಮೊದಲು ತಾನೇ ಮುಚ್ಚಿಬಿಡಬೇಕು ಎಂಬಂತೆ ಹಿಡಿದಿದ್ದಳು.

"ಯಾಕೆ ಪುಟ್ಟಾ, ಅಮ್ಮ ಮಾತಾಡ್ಬಾರ್ದಾ?" ಎಂದಳು ಅನನ್ಯ. "ಮೊದಲು ಎಲ್ಲಾದ್ರೂ ಕಲ್ತಿದ್ದಾಳಾ?"

"ಇಲ್ಲ" ಎಂದಳು ಕುಸುಮ, ಮಗಳ ಕೈ ಬಿಡಿಸಿ. ಆ ಶಾಲೆಯ ಹೆಸರೆತ್ತಲು ಧೈರ್ಯ ಬರಲಿಲ್ಲ.

"ಸರಿ, ಬಾ. ಮೊದಲು ನಮಸ್ಕಾರ ಕಲಿಯೋಣ."

ಕಲಿಸುವ ಮೊದಲೇ ಗಗನ ಮಾಡಿಬಿಟ್ಟಳು. ನೆಲ ತಟ್ಟುವವರು ಮೊದಲು ಭೂಮಿಗೆ ಕೇಳಿಕೊಳ್ಳುವ ನಮಸ್ಕಾರ ಅದು. ಬಗ್ಗಿ ನೆಲ ಮುಟ್ಟಿ, ಬೆರಳನ್ನು ಕಣ್ಣಿಗೊತ್ತಿ, ಕೊನೆಗೆ ಎರಡೂ ಕೈಯನ್ನು ಬಲಹೆಗಲ ಹತ್ತಿರ ಒಯ್ದು ಜೋಡಿಸಿದಳು. ಅನನ್ಯಳ ಮುಖದ ನಗು ಇಳಿಯಿತು.

"ಹೀಗೆ ಹೆಗಲ ಹತ್ರ ಕೈ ಮುಗಿಯೋದು ಚೂಡಾಮಣಿ ಅಕ್ಕನ ಪಾಠ. ಈ ಊರಲ್ಲಿ ಇನ್ಯಾರೂ ಹೇಳ್ಕೊಡಲ್ಲ. ನಾನೂ ಅಲ್ಲೇ ಹನ್ನೊಂದು ವರ್ಷ ಕಲ್ತವಳು."

ಕುಸುಮ ನೆಲ ನೋಡಿದಳು. ಅನನ್ಯ ಸುಮ್ಮನೆ ಮಗುವಿನ ಎದುರು ಕೂತು ಒಂದೊಂದೇ ಮುದ್ರೆ ಹಿಡಿಯುತ್ತಾ ಹೋದಳು. ಗಗನ ತಾನೂ ಹಿಡಿದು ಪಿಸುದನಿಯಲ್ಲಿ ಹೆಸರು ಹೇಳಿದಳು. ಪತಾಕ. ತ್ರಿಪತಾಕ. ಮಯೂರ. ಮುಷ್ಟಿ. ಸಿಂಹಮುಖ ಬಂತು, ಕೈ ಸರಿಯಾಗಿ ಹಿಡಿದಳು, ತುಟಿ ಒಳಕ್ಕೆ ಹೋಯಿತು. ಭ್ರಮರ ಎಂದಳು. ಹಂಸಾಸ್ಯಕ್ಕೆ ಹೆಬ್ಬೆರಳೂ ತೋರುಬೆರಳೂ ಕೂಡಿದವು, ಉಳಿದ ಮೂರು ಬೆರಳು ಅರಳಿದವು. ಬಾಯಿ ತೆರೆಯಲಿಲ್ಲ.

ಅನನ್ಯ ಉಳಿದವರನ್ನೆಲ್ಲ ಬೇಗ ಕಳಿಸಿದಳು. ಕುಸುಮ ನಡೆದದ್ದನ್ನು ಹೇಳಿದಳು.

"ನಮ್ ಕಾಲದಲ್ಲಿ ಟೇಪು ಇರಲಿಲ್ಲ" ಎಂದಳು ಅನನ್ಯ. "ಬಾಯಲ್ಲಿ ನಿಂಬೆಹಣ್ಣು ಇಡ್ತಿದ್ರು. ಬೀಳಿಸಿದ್ರೆ ಮತ್ತೆ ಮೊದಲಿಂದ."

"ಮತ್ತೆ ನೀವಾದ್ರೂ ಸೇರುಸ್ಕೊಳಿ ಮೇಡಂ. ನಾನು ಬಾಗ್ಲಲ್ಲೇ ಕುಂತಿರ್ತೀನಿ, ಒಂದ್ ಮಾತಾಡಲ್ಲ."

"ಹಾಗೆ ಬರಲ್ಲ ಕಣ್ರೀ. ಒಂದು ಕಡೆ ಕಲ್ತ ಮಗೂನ ಹಿಂದಿನ ಗುರುಗಳ ಅಪ್ಪಣೆ ಇಲ್ದೆ ಇನ್ನೊಬ್ರು ತಗೊಳೋ ಹಾಗಿಲ್ಲ. ಪದ್ಧತಿ. ತಗೊಂಡ್ರೆ ಇಲ್ಲಿರೋ ಇಪ್ಪತ್ತೆರಡು ಮಕ್ಕಳಿಗೆ ಯಾವ ವೇದಿಕೆನೂ ಸಿಗಲ್ಲ. ಎಲ್ಲಾ ಸಮಿತೀಲೂ ಅಕ್ಕ ಇದಾರೆ." ಅವಳು ಕುಸುಮಳ ಮುಖ ನೋಡಲಿಲ್ಲ. "ಫಲತಾಂಬೂಲ ತಗೊಂಡು ಹೋಗಿ. ಮಗೂನ ಕರ್ಕೊಂಡು ಹೋಗ್ಲೇಬೇಕು. ಇಬ್ರೂ ಕಾಲಿಗೆ ಬಿದ್ದು ಕೇಳಿ. ಕೊಡ್ತಾರೆ. ಕೊಟ್ಟ ದಿನವೇ ಕರ್ಕೊಂಡು ಬನ್ನಿ, ನಾನು ಕಣ್ಣಲ್ಲಿ ಕಣ್ಣಿಟ್ಟು ನೋಡ್ಕೋತೀನಿ."

ಒಳ್ಳೆಯ ಜನರ ಹೆದರಿಕೆಯ ಮೇಲೆಯೇ ಕೆಟ್ಟ ಮನೆಗಳು ನಿಂತಿರುತ್ತವೆ. ಅನನ್ಯ ಒಳ್ಳೆಯವಳು.

ಮೂರು ದಿನ ಕುಸುಮ ಹೋಗಲಿಲ್ಲ. ಟಿಕೆಟ್ ಕೊಡುವಾಗ ಒಬ್ಬ ಪ್ರಯಾಣಿಕ ಪಾರ್ಸೆಲ್ಲಿಗೆ ಸುತ್ತಿದ್ದ ಟೇಪನ್ನು ಪರ್‍ರನೆ ಕಿತ್ತಾಗ ಅವಳು ಸೀಟಿನ ಕಂಬಿ ಹಿಡಿದುಕೊಂಡಳು. ಮನೆಯಲ್ಲಿ ಗಗನ 'ಹೂಂ' ಎನ್ನುವುದನ್ನೂ ಬಿಟ್ಟಳು, ತಲೆಯಾಡಿಸಿದರೆ ಮುಗಿಯಿತು. ದಿನಕ್ಕೊಂದು ಮಾತು ಕಡಿಮೆಯಾಗುತ್ತಿತ್ತು.

"ಕಾಲಿಗ್ ಬಿದ್ರೆ ಏನ್ ಸವ್ದೋಯ್ತೀಯಾ?" ಎಂದಳು ಸರೋಜಮ್ಮ. ಸೊಸೆಯ ಹಠಕ್ಕೆ ಅವಳೂ ಈಗ ಸೋತಿದ್ದಳು. "ಊರಿನ್ ಗೌಡನ ಕಾಲಿಗ್ ನಾನ್ ಬಿದ್ದಿಲ್ವಾ? ಬಿದ್ದು, ಎದ್ದು, ಮಂಡಿ ಕೊಡುವ್ಕಂಡು ಬಂದೆ. ಬೀಳವ್ವ. ಮೊಗ ಮಾತಾಡ್ಲಿ."

"ನಾನ್ ಬೀಳದಕ್ಕಲ್ಲ ಅತ್ತೆ ಎದ್ರದು. ಇವಳ್ನ ಆ ರೂಮಿಗ್ ಕರ್ಕೊಂಡ್ ಓಗಬೇಕಲ್ಲ."

"ನೀ ಜೊತೇಲಿರ್ತೀಯಲ್ಲ" ಎಂದ ಕುಮಾರ್.

"ಅವತ್ತೂ ಇದ್ದೆ" ಎಂದಳು ಕುಸುಮ.

ಗುರುವಾರ ಕುಮಾರನ ಆಟೋದಲ್ಲೇ ಹೋದರು. ತಟ್ಟೆಯಲ್ಲಿ ವೀಳ್ಯದೆಲೆ, ಅಡಿಕೆ, ಬಾಳೆಹಣ್ಣು, ತೆಂಗಿನಕಾಯಿ, ಬೋರಮ್ಮ ಕಟ್ಟಿಕೊಟ್ಟ ಎರಡು ಮೊಳ ಮಲ್ಲಿಗೆ. ಅಮ್ಮ ಒಂದು ಗಳಿಗೆಯೂ ಬಿಡುವುದಿಲ್ಲ, ಹೋಗಿ ನಮಸ್ಕಾರ ಮಾಡಿ ಬಂದುಬಿಡುವುದು ಎಂದು ಗಗನಳಿಗೆ ಹತ್ತು ಸಲ ಹೇಳಿದ್ದಾಯಿತು. ಮಗು ಬೇಡ ಎನ್ನಲಿಲ್ಲ. ಬೇಡ ಎಂದಿದ್ದರೆ ಕುಸುಮ ಅಲ್ಲಿಂದಲೇ ತಿರುಗುತ್ತಿದ್ದಳು. ರಾಮಕೃಷ್ಣನಗರದ ಸರ್ಕಲ್ಲು ದಾಟುವಾಗ ಗಗನಳ ಫ್ರಾಕು ಒದ್ದೆಯಾದದ್ದು ಕುಸುಮಳಿಗೆ ತನ್ನ ತೊಡೆಯ ಮೇಲೆ ತಿಳಿಯಿತು. ಆಟೋ ನಿಲ್ಲಿಸಿ, ಚೀಲದಲ್ಲಿದ್ದ ಇನ್ನೊಂದು ಫ್ರಾಕು ಹಾಕಿದಳು. ಕುಮಾರ್ ಮುಖ ತಿರುಗಿಸಿಕೊಂಡು ಕನ್ನಡಿ ಒರೆಸುತ್ತಿದ್ದ.

"ವಾಪಸ್ ಓಗವಾ?" ಎಂದ.

"ಇವತ್ತೋದ್ರೆ ಇನ್ ಬರಕ್ಕಾಗಲ್ಲ" ಎಂದಳು.

ಕ್ಲಾಸು ನಡೆಯುತ್ತಿತ್ತು. ಕೋಣೆಯ ಬಾಗಿಲು ತಟ್ಟಿದಾಗ ಚೂಡಾಮಣಿಯವರೇ ತೆಗೆದರು. ಅಂಚಿನ ಹತ್ತಿ ಸೀರೆ, ಹಣೆಯಲ್ಲಿ ಕುಂಕುಮ, ಮುಖದಲ್ಲಿ ಅದೇ ಸಮಾಧಾನ.

"ಬನ್ನಿ ಬನ್ನಿ. ಅನನ್ಯ ಫೋನ್ ಮಾಡಿದ್ಲು. ನನಗೇನೂ ಬೇಜಾರಿಲ್ಲಮ್ಮ. ಮಕ್ಕಳು ಎಲ್ಲಿದ್ರೂ ನಮ್ಮ ಮಕ್ಕಳೇ."

ಒಳಗೆ ಹದಿನೇಳು ಮಕ್ಕಳು ಸಾಲಾಗಿ ನಿಂತಿದ್ದರು. ಒಬ್ಬರೂ ಗಗನಳ ಮುಖ ನೋಡಲಿಲ್ಲ. ಕುಸುಮ ತಟ್ಟೆಯನ್ನು ಚೂಡಾಮಣಿಯವರ ಮುಂದಿಟ್ಟು, ನೆಲಕ್ಕೆ ಹಣೆ ತಾಗಿಸಿದಳು. ಗಗನಳೂ ಅಡ್ಡಬಿದ್ದಳು. "ಅಪ್ಪಣೆ ಕೊಡಿ ಮೇಡಂ" ಎಂದಳು ಕುಸುಮ. ಸುಲಭವಾಗಿ ಬಂತು. ಅತ್ತೆ ಹೇಳಿದ್ದು ನಿಜ, ಏನೂ ಸವೆಯಲಿಲ್ಲ. ಇಷ್ಟೇ ಆದರೆ ಇನ್ನೆರಡು ನಿಮಿಷದಲ್ಲಿ ಹೊರಗಿರುತ್ತೇವೆ ಎಂದುಕೊಂಡಳು.

"ಕೊಡ್ತೀನಿ. ಕೊಡದೆ ಏನು?" ಚೂಡಾಮಣಿ ಬಾಳೆಹಣ್ಣನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. "ಆದ್ರೆ ಅರ್ಧಕ್ಕೆ ನಿಂತ ಪಾಠ ಇಟ್ಕೊಂಡು ಕಳಿಸೋ ಹಾಗಿಲ್ಲ. ಅದು ನನಗೆ ದೋಷ, ಮಗೂಗೂ ದೋಷ. ಅವತ್ತು ಹಂಸಾಸ್ಯದಲ್ಲಿ ನಿಂತಿತ್ತು. ಇವತ್ತು ಮುಗಿಸಿ ಕಳಿಸ್ತೀನಿ. ಅರ್ಧ ಗಂಟೆ ಅಷ್ಟೆ. ಏನ್ ಗಗನ?"

ಯಾರೂ ಹೇಳದೆಯೇ ಗಗನ ಅಮ್ಮನ ಕೈ ಬಿಟ್ಟಳು. ಮಕ್ಕಳ ಸಾಲನ್ನು ದಾಟಿ, ಕೋಣೆಯ ಕೊನೆಯ ಗೋಡೆಯ ಹತ್ತಿರ ಹೋಗಿ, ಗೋಡೆಗೆ ಮುಖ ಮಾಡಿ, ಮಂಡಿ ಬಾಗಿಸಿ ಅರಮಂಡಿಯಲ್ಲಿ ಕೂತಳು. ಎರಡೂ ಕೈ ಸೊಂಟದ ಮೇಲೆ. ಬೆನ್ನು ನೆಟ್ಟಗೆ. ತುಟಿ ಒಳಗೆ.

"ನೋಡಿದ್ರಾ? ಅವಳಿಗೇ ಗೊತ್ತಿದೆ" ಎಂದರು ಚೂಡಾಮಣಿ, ನಿಜಕ್ಕೂ ಮೆಚ್ಚಿದ ದನಿಯಲ್ಲಿ. "ನೀವು ಹೊರಗೆ ಬೆಂಚಿನ ಮೇಲೆ ಕೂತಿರಿ. ಬಾಗಿಲು ಎಳ್ಕೊಂಡು ಹೋಗಿ."

ಕುಸುಮ ಬಾಗಿಲಿನ ಕಡೆ ಎರಡು ಹೆಜ್ಜೆ ಹಾಕಿದಳು. ಹಾಕಿದಳು ಎನ್ನುವುದಕ್ಕಿಂತ ಕಾಲುಗಳೇ ಹೊರಟವು; ಹೇಳಿದ ಕಡೆ ಹೋಗುವುದು ಅವುಗಳಿಗೆ ಬಹಳ ಕಾಲದಿಂದ ಗೊತ್ತಿತ್ತು. ಅಪ್ಪಣೆ, ಅನನ್ಯಳ ತೆರೆದ ಬಾಗಿಲು, ತಾರಸಿಯ ಗೋಣಿಚೀಲ, ಎಲ್ಲ ಒಟ್ಟಿಗೆ ಕಣ್ಣ ಮುಂದೆ ಬಂದವು. ಅರ್ಧ ಗಂಟೆ. ಹೊಸಿಲ ಮೇಲೆ ನಿಂತಾಗ ಬೆಂಚು ಕಂಡಿತು.

ಅವಳು ತಿರುಗಿದಳು. ಮಕ್ಕಳ ನಡುವೆ ದಾರಿ ಮಾಡಿಕೊಂಡು ಕೊನೆಯ ಗೋಡೆಯವರೆಗೆ ನಡೆದಳು. ಮಗಳಿಗೂ ಗೋಡೆಗೂ ನಡುವೆ ಒಂದು ಮೊಳದಷ್ಟು ಜಾಗವಿತ್ತು. ಅಲ್ಲಿ ನುಸುಳಿ, ಗೋಡೆಗೆ ಬೆನ್ನು ಕೊಟ್ಟು, ಮಗಳ ಮುಖಕ್ಕೆ ಮುಖ ಮಾಡಿ ನೆಲದ ಮೇಲೆ ಕೂತುಬಿಟ್ಟಳು.

"ಏನಮ್ಮ ಇದು? ಕ್ಲಾಸಿನ ನಿಯಮ ಇದೆ" ಎಂದರು ಚೂಡಾಮಣಿ. "ಅಪ್ಪಣೆ ಬೇಕೋ ಬೇಡ್ವೋ ನಿಮಗೆ? ಎದ್ದು ಹೊರಗೆ ಹೋಗಿ."

"ನಾನ್ ಓಗಲ್ಲ" ಎಂದಳು ಕುಸುಮ, ಬಸ್ಸಿನಲ್ಲಿ 'ಅತ್ತಿ ಅತ್ತಿ' ಎನ್ನುವ ಅದೇ ದನಿಯಲ್ಲಿ.